ಮೂರು ಪದರದ ಚೀಲ: ಎರಡು ಹಂಗಾಮು ಕಾಳು ತುಂಬಿ ನೋಡಿದ ಮೇಲೆ

ನೆಲದ ಮೇಲೆ ಹರಡಿದರೆ ಒಂದರೊಳಗೊಂದು ಸೇರಿಸಿಟ್ಟ ಮೂರು ಚೀಲಗಳು ಕಾಣುತ್ತವೆ. ಹೊರಗಿನದು ಗೊಬ್ಬರ ತುಂಬಿ ಬರುವಂಥದ್ದೇ ನೇಯ್ದ ಪ್ಲಾಸ್ಟಿಕ್ ಚೀಲ. ಎತ್ತಿ ಇಳಿಸುವಾಗ, ಎಳೆದಾಡುವಾಗ ಬೇಕಾದ ಗಟ್ಟಿತನ ಅದರದು. ಒಳಗಿನ ಎರಡೂ ಹೆಚ್ಚು ಸಾಂದ್ರತೆಯ ಪಾಲಿಥೀನಿನ ಚೀಲಗಳು. ಒಂದೊಂದೂ ಸುಮಾರು 80 ಮೈಕ್ರಾನ್ ದಪ್ಪವಿದ್ದು, ಬೆರಳ ನಡುವೆ ಉಜ್ಜಿದರೆ ಸರಸರ ಸದ್ದು ಮಾಡುತ್ತವೆ. ಸರಕು ಇಷ್ಟೇ. ಇದರಲ್ಲಿ ಯಂತ್ರವಿಲ್ಲ, ಔಷಧಿಯಿಲ್ಲ, ಕರೆಂಟೂ ಬೇಡ. ಕಾಳು ತುಂಬಿ ಬಾಯಿ ಕಟ್ಟಿಟ್ಟರೆ ತಿಂಗಳುಗಟ್ಟಲೆ ಹುಳು ಬೀಳುವುದಿಲ್ಲ ಎಂಬ ಮಾತಿನ ಮೇಲೆ ಇದು ಮಾರಾಟವಾಗುತ್ತದೆ. ನಾನು ಇದರಲ್ಲಿ ಒಂದು ಹಂಗಾಮು ಅಲಸಂದೆಯನ್ನೂ ಮರು ಹಂಗಾಮು ಮೆಕ್ಕೆಜೋಳವನ್ನೂ ತುಂಬಿ ನೋಡಿದ್ದೇನೆ. ಮೊದಲನೆಯದರಲ್ಲಿ ಚೀಲ ಹೇಳಿದ ಮಾತನ್ನು ಉಳಿಸಿಕೊಂಡಿತು; ಎರಡನೆಯದರಲ್ಲಿ ಕಾಳು ಕೆಟ್ಟಿತು, ಆದರೆ ತಪ್ಪು ಪೂರ್ತಿ ಚೀಲದ್ದಾಗಿರಲಿಲ್ಲ.

‘ಪಿಕ್ಸ್’ ಎಂದು ಹೆಸರಾದ ಈ ಬಗೆಯ ಚೀಲದ ಮೂಲ ಉತ್ತರ ಕ್ಯಾಮರೂನಿನಲ್ಲಿದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ಲ್ಯಾರಿ ಮರ್ಡಾಕ್ ಮತ್ತು ಕ್ಯಾಮರೂನಿನ ಕೃಷಿ ಸಂಶೋಧಕರು ಅಲ್ಲಿನ ರೈತರ ಅಲಸಂದೆಯನ್ನು ಹುಳುವಿನಿಂದ ಉಳಿಸುವ ಅಗ್ಗದ ದಾರಿ ಹುಡುಕುತ್ತಿದ್ದರು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಒಣ ಸೀಮೆಯಲ್ಲಿ ಅಲಸಂದೆ ಹೊಟ್ಟೆಗೂ ಆಗುವ, ಕೈಗೆ ಕಾಸನ್ನೂ ಕೊಡುವ ಬೆಳೆ. ಆದರೆ ಸುಗ್ಗಿಯಾದ ಕೆಲವೇ ತಿಂಗಳಲ್ಲಿ ಮೂಟೆಯ ಕಾಳೆಲ್ಲ ತೂತಾಗುವುದರಿಂದ, ಬೆಲೆ ನೆಲಕಚ್ಚಿರುವ ಸುಗ್ಗಿಯ ಕಾಲದಲ್ಲೇ ರೈತರು ಅದನ್ನು ಮಾರಿ ಕೈತೊಳೆದುಕೊಳ್ಳಬೇಕಾಗುತ್ತಿತ್ತು. ಸಂಶೋಧಕರು ಒಂದೇ ಉಪಾಯಕ್ಕೆ ಅಂಟಿಕೊಳ್ಳದೆ ಹಲವನ್ನು ಕೈಗೆತ್ತಿಕೊಂಡರು. ಕಾಳಿಗೆ ಬೂದಿ ಬೆರೆಸಿಡುವ ಹಳೆಯ ಪದ್ಧತಿಯನ್ನು ಅಳತೆಗೆ ಹಚ್ಚಿ ಸುಧಾರಿಸಿದರು. ಕಾಳನ್ನು ಕಪ್ಪು ಹಾಸಿನ ಮೇಲೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಬಿಸಿಲಿನ ಕಾವಿನಲ್ಲೇ ಹುಳುವನ್ನು ಸಾಯಿಸುವ ಕ್ರಮವನ್ನೂ ರೂಪಿಸಿದರು. ಬೂದಿಯ ಪದ್ಧತಿ ನಾಲ್ಕಾರು ಸೇರು ಕಾಳಿಗೆ ಸರಿ, ಮೂಟೆಗಟ್ಟಲೆ ಕಾಳಿಗೆ ಅಷ್ಟು ಬೂದಿಯನ್ನು ಎಲ್ಲಿಂದ ತರುವುದು? ಬಿಸಿಲು ಇದ್ದ ಹುಳುವನ್ನು ಕೊಲ್ಲುತ್ತದೆ, ನಾಳೆ ಬರುವ ಹುಳುವನ್ನು ತಡೆಯುವುದಿಲ್ಲ. ಚೀಲದೊಳಗೆ ಚೀಲ ಹಾಕಿ ಗಾಳಿಯಾಡದಂತೆ ಕಟ್ಟುವ ಮೂರನೆಯ ದಾರಿಯೇ ಹೆಚ್ಚು ದೂರ ನಡೆಯಿತು.

ಅಲಸಂದೆಯನ್ನು ಹಾಳುಮಾಡುವುದು ಎಳ್ಳಿಗಿಂತ ತುಸು ದಪ್ಪಗಿರುವ ಕಂದು ದುಂಬಿ. ಅದು ಉಗ್ರಾಣದಲ್ಲಿ ಹುಟ್ಟಿ ಬರುತ್ತದೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ನಿಜದಲ್ಲಿ ಹೊಲದಲ್ಲಿ ಕಾಯಿ ಒಣಗುವಾಗಲೇ ಅದು ಬೆಳೆಗೆ ಬಂದು ಸೇರುತ್ತದೆ; ಒಕ್ಕಣೆ ಮುಗಿಸಿ ಅಚ್ಚುಕಟ್ಟಾಗಿ ಮೂಟೆ ಕಟ್ಟಿದವನು ಹುಳುವನ್ನೂ ಸೇರಿಸಿಯೇ ಕಟ್ಟಿರುತ್ತಾನೆ. ಹೆಣ್ಣು ದುಂಬಿ ಕಾಳಿನ ಮೇಲ್ಮೈಗೆ ಅಂಟಿಸಿದಂತೆ ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯೊಡೆದ ಮರಿ ಹೊರಗೆ ಮುಖ ತೋರಿಸದೆ ನೇರವಾಗಿ ಕಾಳನ್ನು ಕೊರೆದು ಒಳಸೇರಿ, ಒಳಗೇ ತಿಂದು ಬೆಳೆದು, ಬೆಚ್ಚನೆಯ ಹವೆಯಲ್ಲಿ ಮೂರು ನಾಲ್ಕು ವಾರಗಳಲ್ಲಿ ದುಂಡಗಿನ ಕಿಂಡಿಯೊಂದನ್ನು ಕೊರೆದು ದುಂಬಿಯಾಗಿ ಹೊರಬರುತ್ತದೆ. ಬಂದದ್ದು ಮತ್ತೆ ಮೊಟ್ಟೆಯಿಡುತ್ತದೆ. ಕಾಳಿನ ಮೇಲೆ ತೂತು ಕಾಣಿಸಿದಾಗ ಹುಳು ಬಿತ್ತು ಎನ್ನುತ್ತೇವೆ. ಆಗ ಹುಳು ಹೊರಟು ಹೋಗಿರುತ್ತದೆ.

ಗಾಳಿಯಾಡದಂತೆ ಕಟ್ಟಿದ ಚೀಲದಲ್ಲಿ ಈ ದುಂಬಿಗಳೂ ಮರಿಗಳೂ ಉಸಿರಾಡಿ ಉಸಿರಾಡಿ ತಮಗಿದ್ದ ಆಮ್ಲಜನಕವನ್ನು ತಾವೇ ಖಾಲಿ ಮಾಡಿಕೊಳ್ಳುತ್ತವೆ. ಹೊರಗಿನ ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕ ಒಳಗೆ ಕೆಲವು ದಿನಗಳಲ್ಲಿ ತೀರ ಕೆಳಗಿಳಿಯುತ್ತದೆ, ಮರಿಗಳು ಮೇಯುವುದನ್ನು ನಿಲ್ಲಿಸುತ್ತವೆ. ಅವು ಉಸಿರುಕಟ್ಟಿ ಸಾಯುತ್ತವೆ ಎಂದೇ ಎಲ್ಲರೂ ಭಾವಿಸುವುದು. ಮರ್ಡಾಕ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಉತ್ತರ ಬೇರೆಯೇ ಆಗಿದೆ: ಅವು ಬಾಯಾರಿ ಸಾಯುತ್ತವೆ. ಒಣ ಕಾಳಿನೊಳಗೆ ಬದುಕುವ ಈ ಕೀಟಕ್ಕೆ ಕುಡಿಯಲು ನೀರು ಎಲ್ಲಿಯೂ ಸಿಗದು. ತಿಂದ ಆಹಾರವನ್ನು ಆಮ್ಲಜನಕದೊಂದಿಗೆ ಸುಟ್ಟಾಗ ಮೈಯೊಳಗೆ ಹುಟ್ಟುವ ನೀರೇ ಅದರ ಆಧಾರ. ಆಮ್ಲಜನಕ ತಪ್ಪಿದರೆ ಆ ನೀರೂ ತಪ್ಪಿ, ಕೀಟ ದಿನಗಳುರುಳಿದಂತೆ ಒಳಗಿಂದ ಒಣಗಿ ಹೋಗುತ್ತದೆ. ಚೀಲ ರೈತರ ಕೈ ಸೇರಿ ವರ್ಷಗಳಾದ ಮೇಲೆ ಈ ಕಾರಣ ಗೊತ್ತಾಯಿತು ಎಂಬುದು ನನಗೆ ಹಿಡಿಸಿದ ಸಂಗತಿ. ಕೆಲಸ ಮಾಡುವ ವಸ್ತುವನ್ನು, ಕಾರಣ ಪೂರ್ತಿ ತಿಳಿಯಲಿ ಎಂದು ಕಪಾಟಿನಲ್ಲಿ ಬೀಗ ಹಾಕಿ ಇಡಲಿಲ್ಲ.

ಮೊದಲ ಹಂಗಾಮಿನಲ್ಲಿ ಒಂದೇ ರಾಶಿಯ ಅಲಸಂದೆಯನ್ನು ಎರಡು ಪಾಲು ಮಾಡಿ, ಒಂದನ್ನು ಈ ಚೀಲಕ್ಕೂ ಇನ್ನೊಂದನ್ನು ಮಾಮೂಲಿ ಗೋಣಿಚೀಲಕ್ಕೂ ತುಂಬಿದೆ. ಎರಡನ್ನೂ ಒಂದೇ ಕೋಣೆಯಲ್ಲಿ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಟ್ಟೆ. ಎರಡನೆಯ ತಿಂಗಳು ಮುಗಿಯುವಷ್ಟರಲ್ಲಿ ಗೋಣಿಯ ಕೆಳಗೆ ಹಲಗೆಯ ಮೇಲೆ ನುಣುಪಾದ ಹಿಟ್ಟು ಉದುರಿತ್ತು; ಕೈಯಿಟ್ಟರೆ ಒಳಗೆ ಬೆಚ್ಚಗಿತ್ತು. ಆರನೆಯ ತಿಂಗಳು ಮೂರು ಪದರದ ಚೀಲವನ್ನು ಬಿಚ್ಚಿದೆ. ಗಂಟು ಸಡಿಲಿಸಿದಾಗ ಒಳಚೀಲ ಕಾಳಿಗೆ ಅಂಟಿಕೊಂಡಂತಿತ್ತು. ಮೊದಲು ಬಂದದ್ದು ಸ್ವಲ್ಪ ಮುಗ್ಗಲು ವಾಸನೆ, ಮೊರದಲ್ಲಿ ಹರಡಿದ ಗಳಿಗೆಯಲ್ಲೇ ಅದು ಹೋಯಿತು. ಕಾಳಿನ ಬಣ್ಣ ತುಂಬಿದ ದಿನದ್ದೇ. ಕೇರಿದಾಗ ಮೊರದ ತುದಿಗೆ ಕೆಲವು ಸತ್ತ ದುಂಬಿಗಳು ಬಂದವು, ಬೆರಳಿನಿಂದ ಒತ್ತಿದರೆ ಒಣ ಹೊಟ್ಟಿನಂತೆ ಪುಡಿಯಾದವು. ಅಲ್ಲೊಂದು ಇಲ್ಲೊಂದು ತೂತುಬಿದ್ದ ಕಾಳೂ ಇತ್ತು. ಆಮ್ಲಜನಕ ಇಳಿಯುವ ಮೊದಲೇ ಬೆಳೆದುಬಿಟ್ಟಿದ್ದ ಹುಳುಗಳ ಕೆಲಸವದು, ಅದನ್ನು ಯಾವ ಚೀಲವೂ ತಪ್ಪಿಸಲಾರದು. ಗೋಣಿಯ ಪಾಲಿನಲ್ಲಾದರೆ ಬೊಗಸೆ ತುಂಬ ಕಾಳೆತ್ತಿ ತೂತಿಲ್ಲದ್ದನ್ನು ಹುಡುಕಬೇಕಾಯಿತು.

ಹೀಗಿದ್ದರೂ ಈ ಉತ್ಪನ್ನದಲ್ಲಿ ನಾನು ಹೆಚ್ಚು ಮೆಚ್ಚಿದ್ದು ಪ್ಲಾಸ್ಟಿಕ್ಕನ್ನಲ್ಲ, ಬಾಯಿ ಕಟ್ಟುವ ಕ್ರಮವನ್ನು. ಮೊದಲು ಒಳಗಿನ ಚೀಲಕ್ಕೆ ಕಾಳು ತುಂಬಬೇಕು, ಬಾಯಿಯ ಹತ್ತಿರ ಒಂದು ಗೇಣಿಗಿಂತ ಹೆಚ್ಚು ಖಾಲಿ ಬಿಡಬೇಕು. ಕಾಳನ್ನು ಕುಲುಕಿ, ಒತ್ತಿ, ಉಳಿದ ಗಾಳಿಯನ್ನು ಹೊರಡಿಸಿ, ಬಾಯನ್ನು ಹಗ್ಗ ಹೊಸೆದಂತೆ ಬಿಗಿಯಾಗಿ ತಿರುಚಬೇಕು. ತಿರುಚಿದ್ದನ್ನು ಮಡಚಿ, ಮಡಿಕೆಯ ಬುಡಕ್ಕೆ ಹುರಿ ಸುತ್ತಿ ಕಟ್ಟಬೇಕು. ಎರಡನೆಯ ಒಳಚೀಲಕ್ಕೂ ಹೀಗೆಯೇ, ಕೊನೆಗೆ ಹೊರಚೀಲಕ್ಕೂ ಹೀಗೆಯೇ. ಮೂರು ಗಂಟುಗಳಿಗೆ ಹತ್ತು ನಿಮಿಷ ಹಿಡಿಯುತ್ತದೆ, ಇಬ್ಬರಿದ್ದರೆ ಸಲೀಸು. ಗೋಣಿಯ ಬಾಯಿಗೆ ಹಾಕುವ ಮಾಮೂಲಿ ಗಂಟನ್ನು ಇದಕ್ಕೂ ಹಾಕಿದರೆ ಕೊಟ್ಟ ಹಣ ನೀರಿನಲ್ಲಿ ಹೋಮ, ಯಾಕೆಂದರೆ ಮಡಿಕೆಯಿಲ್ಲದ ಗಂಟಿನ ಸಂದಿಯಲ್ಲಿ ಗಾಳಿ ನಿಧಾನವಾಗಿ ಒಳಬರುತ್ತಲೇ ಇರುತ್ತದೆ. ಎರಡು ಒಳಚೀಲಗಳು ಯಾಕೆ ಬೇಕು ಎಂಬ ಪ್ರಶ್ನೆಗೂ ಉತ್ತರ ಸರಳವಾಗಿದೆ: ಕಾಳಿಗೆ ತಾಗಿರುವ ಮೊದಲನೆಯದನ್ನು ದುಂಬಿ ಅಲ್ಲಲ್ಲಿ ಕೊರೆಯಬಹುದು, ಎರಡನೆಯದು ಅದಕ್ಕೆ ಅಷ್ಟು ಸುಲಭವಾಗಿ ನಿಲುಕುವುದಿಲ್ಲ.

ಗಂಟನ್ನು ಕಾಗದದಲ್ಲಿ ಬರೆದು ಕಲಿಸಲು ಬಾರದು. 2007ರಲ್ಲಿ ಗೇಟ್ಸ್ ಪ್ರತಿಷ್ಠಾನದ ನೆರವಿನೊಂದಿಗೆ ಈ ಚೀಲವನ್ನು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹತ್ತು ದೇಶಗಳಿಗೆ ಒಯ್ಯುವ ಕೆಲಸ ಆರಂಭವಾದಾಗ ಅದನ್ನು ನಡೆಸಿದವರಿಗೆ ಇದು ಗೊತ್ತಿತ್ತೆಂದು ತೋರುತ್ತದೆ. ನೈಜರ್, ನೈಜೀರಿಯ, ಬುರ್ಕಿನಾ ಫಾಸೊ ಮುಂತಾದೆಡೆ ಹಳ್ಳಿಯ ಜನರೆದುರೇ ಅವರದೇ ಕಾಳನ್ನು ಚೀಲಕ್ಕೆ ತುಂಬಿ, ಕಟ್ಟುವುದನ್ನು ತೋರಿಸಿ, ಕೆಲವರ ಕೈಯಲ್ಲಿ ಕಟ್ಟಿಸಿ, ಆ ಚೀಲಗಳನ್ನು ಊರಿನಲ್ಲಿಯೇ ಬಿಟ್ಟು ಹೋದರು. ನಾಲ್ಕಾರು ತಿಂಗಳ ನಂತರ ಊರವರೆಲ್ಲ ಸೇರಿದಾಗ ಬಾಯಿ ಬಿಚ್ಚಿದರು. ಒಳಗೆ ಏನಿದೆಯೆಂದು ಭಾಷಣ ಮಾಡುವ ಪ್ರಮೇಯವೇ ಬರಲಿಲ್ಲ. ಜೊತೆಗೆ, ಚೀಲವನ್ನು ಪುಕ್ಕಟೆ ಹಂಚದೆ ಆಯಾ ದೇಶದ ಪ್ಲಾಸ್ಟಿಕ್ ಕಾರ್ಖಾನೆಗಳಿಂದ ಮಾಡಿಸಿ ವ್ಯಾಪಾರಿಗಳ ಮೂಲಕ ಮಾರುವ ದಾರಿ ಹಿಡಿದರು. ಪುಕ್ಕಟೆ ಬಂದದ್ದು ಯೋಜನೆ ಮುಗಿದ ದಿನವೇ ಮುಗಿಯುತ್ತದೆ. ಅಂಗಡಿಯಲ್ಲಿ ಸಿಗುವುದು ಮುಂದಿನ ಸುಗ್ಗಿಗೂ ಸಿಗಬಹುದು. ಅಲಸಂದೆಗೆಂದು ಹುಟ್ಟಿದ ‘ಪರ್ಡ್ಯೂ ಇಂಪ್ರೂವ್ಡ್ ಕೌಪೀ ಸ್ಟೋರೇಜ್’ ಎಂಬ ಹೆಸರಿನಲ್ಲಿದ್ದ ‘ಕೌಪೀ’ (ಅಲಸಂದೆ) ಎಂಬ ಪದವನ್ನು ಆಮೇಲೆ ‘ಕ್ರಾಪ್’ (ಬೆಳೆ) ಎಂದು ಬದಲಿಸಿದರು, ಮೆಕ್ಕೆಜೋಳ, ಜೋಳ, ಬೇಳೆಕಾಳುಗಳಿಗೂ ಅದು ಒದಗುತ್ತದೆಂದು ತಿಳಿದ ಮೇಲೆ. ಹೆಸರಿನ ಮೊದಲಕ್ಷರಗಳು ಬದಲಾಗದೆ ‘ಪಿಕ್ಸ್’ ಹಾಗೆಯೇ ಉಳಿಯಿತು. ಇದೇ ತತ್ವದ ಬೇರೆ ಹೆಸರಿನ ಚೀಲಗಳೂ ಈಗ ಮಾರುಕಟ್ಟೆಯಲ್ಲಿವೆ. ನನ್ನಲ್ಲಿರುವವು ಅಂಥವೇ, ಹೆಸರಿಲ್ಲದವು.

ಹೆಸರಿಲ್ಲದ ಸರಕಿನ ಪಾಡನ್ನು ಕೊಳ್ಳುವಾಗಲೇ ಉಂಡೆ. ಮೊದಲು ತಂದ ಎರಡು ಚೀಲಗಳಲ್ಲಿ ಒಂದರೊಳಗೆ ಎರಡರ ಬದಲು ಒಂದೇ ಒಳಚೀಲವಿತ್ತು. ಹಿಂದಿರುಗಿ ಕೇಳಿದರೆ ವ್ಯಾಪಾರಿ, “ದಪ್ಪಗಿದೆಯಲ್ಲ ಸ್ವಾಮಿ, ಒಂದಿದ್ದರೆ ಸಾಕು” ಎಂದರು. ಅವರು ಮೋಸ ಮಾಡಲು ಹೇಳಿದ ಮಾತಲ್ಲ ಅದು, ಅವರಿಗೂ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಬಾಯಿ ಕಟ್ಟುವ ಚಿತ್ರವಿರುವ ಹಾಳೆಯ ವಿಷಯ ಕೇಳಿದಾಗ, ಬಂದ ಕಟ್ಟಿನಲ್ಲಿ ಒಂದೇ ಹಾಳೆಯಿತ್ತು, ಅದನ್ನು ಯಾರೋ ಒಯ್ದರು ಎಂಬ ಉತ್ತರ ಸಿಕ್ಕಿತು. ಇಪ್ಪತ್ತು ಮೂವತ್ತು ವರ್ಷಗಳ ಸಂಶೋಧನೆಯ ಕೊನೆಯ ಕೊಂಡಿ ಇಂಥ ಒಂದು ಹಾಳೆಯಾಗಿದ್ದರೆ, ಅದನ್ನು ಹೊರಚೀಲದ ಮೇಲೆಯೇ ದೊಡ್ಡದಾಗಿ ಅಚ್ಚು ಹಾಕದಿರುವುದು ಅಕ್ಷಮ್ಯ. ಕೊಳ್ಳುವವರು ಅಂಗಡಿಯಲ್ಲೇ ಎರಡು ಕೆಲಸ ಮಾಡಬೇಕು: ಒಳಚೀಲಗಳನ್ನು ಎಣಿಸಬೇಕು, ಮತ್ತು ಪ್ರತಿ ಒಳಚೀಲಕ್ಕೆ ಗಾಳಿ ತುಂಬಿಕೊಂಡು ಬಾಯಿ ತಿರುಚಿ ಹಿಡಿದು, ಚೆಂಡಿನಂತೆ ಒತ್ತಿ, ಕೆನ್ನೆಯ ಹತ್ತಿರ ತಂದು ನೋಡಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಕೆನ್ನೆಗೆ ತಾಗುತ್ತದೆ. ಮತ್ತೆ ಬಳಸುವಾಗಲೂ ಪ್ರತಿ ಹಂಗಾಮಿನ ಮೊದಲು ಇದೇ ಪರೀಕ್ಷೆ.

ಇನ್ನು ಮೆಕ್ಕೆಜೋಳ ಕೆಟ್ಟ ಕಥೆ. ಚೀಲ ಕಾಳನ್ನು ಒಣಗಿಸುವುದಿಲ್ಲ. ತುಂಬಿದಾಗ ಇದ್ದ ತೇವವನ್ನು ಅದು ಹಾಗೆಯೇ ಹಿಡಿದಿಡುತ್ತದೆ. ಗೋಣಿಯಲ್ಲಾದರೆ ಗಾಳಿಯಾಡಿ ತುಸುವಾದರೂ ಆರುತ್ತಿದ್ದ ಕಾಳು ಇಲ್ಲಿ ತನ್ನ ಬೆವರಿನಲ್ಲಿ ತಾನೇ ಬೇಯುತ್ತದೆ. ಮೆಕ್ಕೆಜೋಳವನ್ನು ತುಂಬುವಾಗ ತೇವಾಂಶ ಶೇ. 13ರೊಳಗೆ ಇರಬೇಕೆಂಬುದು ಶಿಫಾರಸು. ನನ್ನಲ್ಲಿ ತೇವಮಾಪಕ ಇರಲಿಲ್ಲ, ಆದ್ದರಿಂದ ರೈತರಿಗೆ ಹಲವು ದೇಶಗಳಲ್ಲಿ ಹೇಳಿಕೊಡುವ ಉಪ್ಪಿನ ಪರೀಕ್ಷೆ ಮಾಡಿದೆ: ಒಣಗಿದ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಚೆನ್ನಾಗಿ ಒಣಗಿಸಿದ ಒಂದು ಹಿಡಿ ಉಪ್ಪು ಹಾಕಿ, ಮುಚ್ಚಿ, ಕೆಲವು ನಿಮಿಷ ಅಲುಗಾಡಿಸಿ ನೋಡುವುದು. ಉಪ್ಪು ಗಾಜಿಗೆ ಅಂಟಿದರೆ ಕಾಳು ಹಸಿ, ಅಂಟದೆ ತಳಕ್ಕೆ ಉದುರಿದರೆ ಒಣಗಿದೆ. ನನ್ನ ಉಪ್ಪು ಅಂಟಲಿಲ್ಲ. ಚೀಲ ಕಟ್ಟಿದೆ. ನಾಲ್ಕು ತಿಂಗಳ ನಂತರ ತೆರೆದಾಗ ಹುಳು ಒಂದೂ ಇರಲಿಲ್ಲ, ಆದರೆ ಮಧ್ಯದ ಕಾಳು ಮುದ್ದೆಗಟ್ಟಿ ಹಸಿರು ಮಿಶ್ರಿತ ಬೂದಿಬಣ್ಣದ ಬೂಷ್ಟು ಹಿಡಿದಿತ್ತು. ಒಂದಷ್ಟು ಕಾಳನ್ನಾದರೂ ಆರಿಸಿಕೊಳ್ಳೋಣವೆನ್ನುವ ಆಸೆಯನ್ನು ಅದುಮಿ, ದನಕ್ಕೂ ಹಾಕದೆ, ಚೀಲದಲ್ಲಿದ್ದಷ್ಟನ್ನೂ ಗುಂಡಿಗೆ ಸುರಿದೆ. ಬೂಷ್ಟಿನ ಕೆಲವು ಜಾತಿಗಳು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಕಣ್ಣಿಗೆ ಕಾಣದು, ಬೇಯಿಸಿದರೂ ಪೂರ್ತಿ ಹೋಗದು. ಒಳ್ಳೆಯ ಚೀಲಕ್ಕೆ ಹಾಕಿದ ಮಾತ್ರಕ್ಕೆ ಮೊದಲೇ ಸೇರಿದ್ದ ವಿಷ ಇಲ್ಲವಾಗುವುದೂ ಇಲ್ಲ.

ತಪ್ಪು ಎಲ್ಲಾಯಿತೆಂದು ಹುಡುಕುತ್ತ ಹೋದಾಗ ತಿಳಿದದ್ದು: ಉಪ್ಪು ಗಾಜಿಗೆ ಅಂಟುವುದು ಕಾಳಿನ ತೇವಾಂಶ ಸುಮಾರು ಶೇ. 15ನ್ನು ಮೀರಿದಾಗ. ಪರೀಕ್ಷೆ 15ರ ಗೆರೆ ತೋರಿಸುತ್ತದೆ, ಚೀಲ 13ರ ಗೆರೆ ಕೇಳುತ್ತದೆ. ನನ್ನ ಮೆಕ್ಕೆಜೋಳ ಈ ಎರಡರ ನಡುವೆ ಸಿಕ್ಕಿಬಿತ್ತು. ಗೋಣಿಯ ಕಾಲಕ್ಕೆ ಉಪ್ಪಿನ ಪರೀಕ್ಷೆ ತಕ್ಕಷ್ಟು ಒಳ್ಳೆಯದೇ ಆಗಿತ್ತು. ಚೀಲ ಬದಲಾದ ಮೇಲೆ ಪರೀಕ್ಷೆಯೂ ಬದಲಾಗಬೇಕಿತ್ತು, ಅದನ್ನು ಚೀಲದ ಜೊತೆಯಲ್ಲಿ ಯಾರೂ ಕೊಡಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ರೂಪಿಸಿದ ‘ಡ್ರೈಕಾರ್ಡ್’ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಅದು ಕಿಸೆಯಲ್ಲಿ ಹಿಡಿಸುವ ಅಂಗೈಯಷ್ಟಿನ ಕಾರ್ಡು. ಅದರ ಮೇಲೆ ಕೋಬಾಲ್ಟ್ ಕ್ಲೋರೈಡ್ ಹಚ್ಚಿದ ಕಾಗದದ ಪಟ್ಟಿಯಿದೆ. ಕಾಳಿನೊಂದಿಗೆ ಮುಚ್ಚಳದ ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ, ಕಾಳು ಒಣಗಿದ್ದರೆ ಪಟ್ಟಿ ನೀಲಿಯಾಗಿಯೂ ಹಸಿಯಿದ್ದರೆ ಗುಲಾಬಿಯಾಗಿಯೂ ಕಾಣುತ್ತದೆ, ಪಕ್ಕದಲ್ಲಿ ಅಚ್ಚಾದ ಬಣ್ಣಗಳೊಂದಿಗೆ ಹೋಲಿಸಿಕೊಳ್ಳಬಹುದು. ಓದು ಬಾರದವರೂ ಬಳಸಬಹುದು, ಒಂದೇ ಕಾರ್ಡನ್ನು ಮತ್ತೆ ಮತ್ತೆ ಬಳಸಬಹುದು. ಚೀಲ ಮಾರುವವರು ಇಂಥದೊಂದನ್ನು ಅದರ ಜೊತೆಗೇ ಕಟ್ಟಿ ಮಾರದಿರುವುದು ನನ್ನ ದೊಡ್ಡ ದೂರು. ಎರಡು ಬೇರೆ ಪ್ರಯೋಗಾಲಯಗಳಲ್ಲಿ ಹುಟ್ಟಿದವು ಎಂಬ ಒಂದೇ ಕಾರಣಕ್ಕೆ ರೈತನ ಅಂಗಳದಲ್ಲಿ ಜೊತೆಯಾಗಬೇಕಾದ ವಸ್ತುಗಳು ಬೇರೆ ಬೇರೆ ಕಪಾಟುಗಳಲ್ಲಿ ಕೂತಿವೆ.

ಉಳಿದ ಮಿತಿಗಳು ಚಿಕ್ಕವು, ಒಂದನ್ನು ಬಿಟ್ಟು. ಇಲಿ ಕಡಿದರೆ ಚೀಲ ಚೀಲವಲ್ಲ. ಆದ್ದರಿಂದ ಇಲಿಯ ಕಾಟವಿರುವ ಕಡೆ ಚೀಲಕ್ಕೂ ಮೊದಲು ಕೋಣೆಯನ್ನು ನೋಡಬೇಕು. ದಿನವೂ ಬಿಚ್ಚಿ ಕಾಳು ತೆಗೆಯುವ ಮನೆಗೆ ಇದು ಒಗ್ಗದು, ಬಿಚ್ಚಿದಾಗಲೆಲ್ಲ ಹೊಸ ಗಾಳಿ ಒಳಹೋಗುತ್ತದೆ. ತಿಂಗಳಿಗಾಗುವಷ್ಟನ್ನು ಒಮ್ಮೆಗೇ ತೆಗೆದು ಡಬ್ಬಿಗೆ ಹಾಕಿಕೊಂಡು ಕೂಡಲೇ ಬಿಗಿಯಬೇಕು. ಚೂಪಾದ ಕಡ್ಡಿ, ಒಡೆದ ದಿಂಡಿನ ಚೂರು ಕಾಳಿನಲ್ಲಿ ಉಳಿದರೆ ಒಳಚೀಲ ಹರಿಯುತ್ತದೆ. ಚಿಕ್ಕದಲ್ಲದ ಮಿತಿಯೆಂದರೆ ದೊಡ್ಡ ಕಾಳುಕೊರಕ. ಮಧ್ಯ ಅಮೆರಿಕದ ಈ ಕೀಟ 1970ರ ದಶಕದ ಕೊನೆಯ ಹೊತ್ತಿಗೆ ಟಾಂಜಾನಿಯಾಕ್ಕೆ ಬಂದಿಳಿದು, ಆಫ್ರಿಕಾದಲ್ಲಿ ಮೆಕ್ಕೆಜೋಳಕ್ಕೂ ಒಣ ಮರಗೆಣಸಿಗೂ ಶಾಪವಾಗಿ ಹರಡಿತು. ಮರವನ್ನೇ ಕೊರೆಯಬಲ್ಲ ಹಲ್ಲು ಅದರದು, ಪ್ಲಾಸ್ಟಿಕ್ಕನ್ನೂ ತೂತು ಮಾಡುತ್ತದೆ. ಅದಿರುವ ಸೀಮೆಯಲ್ಲಿ ಎರಡೂ ಪದರಗಳ ಗಂಟು ಸರಿಯಿದ್ದು, ಗಾಳಿಯನ್ನು ಪೂರ್ತಿ ಹೊರಡಿಸಿ ತುಂಬಿದರಷ್ಟೇ ಚೀಲ ತಾಳುತ್ತದೆ, ಮತ್ತೆ ಬಳಸಲು ಒಳಚೀಲ ಉಳಿಯುವ ಭರವಸೆ ಕಡಿಮೆ.

ಬದಲಿಗೆ ಏನಿದೆ ಎಂದು ಕೇಳುವವರಿಗೆ: ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಹುಳುವನ್ನು ಕೊಲ್ಲುತ್ತದೆ, ಆದರೆ ತೇವ ತಾಗಿದ ಕೂಡಲೇ ಅದು ಬಿಡುವ ಫಾಸ್ಫೀನ್ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ. ಜನ ಮಲಗುವ ಕೋಣೆಯ ಪಕ್ಕದಲ್ಲಿ ಮೂಟೆ ಇಡುವ ಮನೆಗಳಿಗೆ ಅದನ್ನು ನಾನು ಯಾವ ಕಾರಣಕ್ಕೂ ಹೇಳಲಾರೆ. ಸ್ವಿಸ್ ನೆರವಿನೊಂದಿಗೆ 1980ರ ದಶಕದಿಂದ ಮಧ್ಯ ಅಮೆರಿಕದ ದೇಶಗಳಲ್ಲಿ ಹರಡಿದ ತಗಡಿನ ಕಣಜಗಳು ಇಲಿಗೂ ಜಗ್ಗುವುದಿಲ್ಲ, ವರ್ಷಗಟ್ಟಲೆ ಬಾಳುತ್ತವೆ. ಆದರೆ ಮೊದಲ ಖರ್ಚು ಹೆಚ್ಚು, ಚೆನ್ನಾಗಿ ಬೆಸುಗೆ ಹಾಕುವ ಕಮ್ಮಾರ ಬೇಕು, ಕಾಳು ಕಡಿಮೆಯಿದ್ದ ವರ್ಷ ಮೇಲಿನ ಖಾಲಿ ಜಾಗದ ತುಂಬ ಗಾಳಿ ಉಳಿಯುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ‘ಸೂಪರ್ ಬ್ಯಾಗ್’, ಮಾಮೂಲಿ ಚೀಲದೊಳಗೆ ಹಾಕುವ ಒಂದೇ ಪದರದ ಚೀಲ. ಅದು ಮುಖ್ಯವಾಗಿ ಭತ್ತಕ್ಕೂ ಬಿತ್ತನೆ ಬೀಜದ ಮೊಳಕೆಯನ್ನು ಕಾಪಾಡುವುದಕ್ಕೂ ಆದದ್ದು. ನೆಲದೊಳಗಿನ ಹಗೇವಿನಲ್ಲಿ ಧಾನ್ಯ ಮುಚ್ಚಿಡುತ್ತಿದ್ದವರು ಬೇರೆ ಬೇರೆ ಖಂಡಗಳಲ್ಲಿ ನಡೆಸಿದ್ದೂ ಇದೇ ಉಸಿರುಕಟ್ಟಿಸುವ ಉಪಾಯವೇ. ಹಗೇವಿಗೆ ಒಳ್ಳೆಯ ಮಣ್ಣು, ನೀರು ನಿಲ್ಲದ ಜಾಗ ಬೇಕಿತ್ತು, ಚೀಲಕ್ಕೆ ಕೋಣೆಯ ಮೂಲೆ ಸಾಕು.

ಸುಗ್ಗಿಯ ನಂತರ ಮೂರು ತಿಂಗಳಾದರೂ ಕಾಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯಿರುವವರು, ಮುಂದಿನ ಬಿತ್ತನೆಗೆ ಸ್ವಂತ ಬೀಜ ಉಳಿಸಿಕೊಳ್ಳುವವರು ಇದನ್ನು ಕಣ್ಣುಮುಚ್ಚಿ ಕೊಳ್ಳಬಹುದು, ಒಳಚೀಲ ಎಣಿಸುವಾಗ ಮಾತ್ರ ಕಣ್ಣು ತೆರೆದಿರಲಿ. ಸಾಲ ತೀರಿಸಲು ಸುಗ್ಗಿಯ ವಾರದಲ್ಲೇ ಪೂರ್ತಿ ಮಾರಬೇಕಾದವರಿಗೆ ಚೀಲ ಏನೂ ಮಾಡದು. ಅವರ ತೊಡಕು ಹುಳುವಿನದಲ್ಲ. ಒಣಗಿಸಲು ಬಿಸಿಲೇ ಸಿಗದ ಮಳೆಗಾಲದ ಕೊಯ್ಲಿನವರು ಮೊದಲು ಒಣಗಿಸುವ ವ್ಯವಸ್ಥೆಗೆ ದುಡ್ಡು ಹಾಕಲಿ. ಬಿತ್ತನೆಗೆಂದು ಅದೇ ಮೊದಲ ಹಂಗಾಮಿನ ಚೀಲದಿಂದ ತೆಗೆದಿಟ್ಟ ಅಲಸಂದೆಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದೆ, ಮೂರನೆಯ ದಿನಕ್ಕೆ ಬಟ್ಟೆಯ ನೇಯ್ಗೆಯನ್ನು ತಳ್ಳಿಕೊಂಡು ಬಿಳಿ ಮೊಳಕೆಗಳು ಹೊರಗೆ ಬಂದವು.

ಬೂಷ್ಟು ಹಿಡಿದ ಮೆಕ್ಕೆಜೋಳದ ಒಳಚೀಲಗಳನ್ನು ತೊಳೆದು ಒಣಗಿಸಿ ಗಾಳಿ ತುಂಬಿ ನೋಡಿದೆ. ಒಂದು ನಿಂತಿತು. ಇನ್ನೊಂದರ ತಳದಲ್ಲಿ ಎಲ್ಲಿಂದಲೋ ಸಣ್ಣಗೆ ಗಾಳಿ ಸೂಸುತ್ತಿತ್ತು. ಅದನ್ನು ಕತ್ತರಿಸಿ ಹರಡಿ, ಈ ಸಲ ಕಾಳನ್ನು ಒಣಗಿಸುವ ಹಾಸನ್ನಾಗಿ ಮಾಡಿಕೊಂಡಿದ್ದೇನೆ.